ತಪ್ಪನ್ನೂ ಹಾಗೇ ತನ್ನಿ, ತಿದ್ದೋದು ಆಮೇಲೆ

ಪ್ರಶ್ನೆ: ಹನುಮಂತನಗರದ ಒಂದು ಪತ್ತಿನ ಸಹಕಾರ ಸಂಘಕ್ಕೆ ನಾನು ಕಂಪ್ಯೂಟರ್ ಕೆಲಸ ನೋಡಿಕೊಡುತ್ತೇನೆ. ಅಲ್ಲಿನ ಲೆಕ್ಕದ ಪ್ರೋಗ್ರಾಂ 1999ರಲ್ಲಿ ವಿಷುಯಲ್ ಫಾಕ್ಸ್‌ಪ್ರೊ 6 ಅನ್ನುವ ಮೈಕ್ರೋಸಾಫ್ಟ್‌ನ ಹಳೇ ಡೇಟಾಬೇಸ್ ಭಾಷೆಯಲ್ಲಿ ಬರೆದದ್ದು. ಬರೆದವರು ಈಗಿಲ್ಲ. ಸುಮಾರು 40,000 ಸಾಲು ಇದೆ. ಇದನ್ನು ಪೈಥಾನ್ ಭಾಷೆಗೆ ತರಲು ಆಡಳಿತ ಮಂಡಳಿ ಒಪ್ಪಿದೆ. ಒಂದು ಎಐ ಟೂಲ್‌ಗೆ ಪ್ರೋಗ್ರಾಂ ಫೈಲುಗಳನ್ನು ಕೊಟ್ಟು ಬಡ್ಡಿ ಲೆಕ್ಕದ ಭಾಗವನ್ನು ಬದಲಿಸಿ ನೋಡಿದೆ. ಓಡುತ್ತದೆ, ಎರರ್ ಇಲ್ಲ. ಆದರೆ ಕಳೆದ ಮಾರ್ಚ್ 31ರ ಒಟ್ಟು ಬಡ್ಡಿಗೂ ಇದಕ್ಕೂ 41 ರೂಪಾಯಿ 37 ಪೈಸೆ ವ್ಯತ್ಯಾಸ ಬರುತ್ತಿದೆ. ಸದಸ್ಯರ ನಂಬರ್ ಹಾಕಿ ಹುಡುಕಿದರೆ ಕೆಲವರು ಸಿಗುವುದೇ ಇಲ್ಲ. ಸಾಲು ಸಾಲಾಗಿ ಅನುವಾದ ಮಾಡಲಾ, ಇಲ್ಲಾ ಎಲ್ಲ ಬಿಟ್ಟು ಹೊಸದಾಗಿ ಬರೆಯಲಾ? ಒಂದು ವಾರದ ಕೆಲಸ ಅಂತ ಸ್ನೇಹಿತರೊಬ್ಬರು ಹೇಳುತ್ತಾರೆ. ಹೌದಾ?

ಉತ್ತರ: ವ್ಯತ್ಯಾಸ ಬಂದದ್ದು ನಿಮ್ಮ ಅದೃಷ್ಟ. ಒಟ್ಟು ಮೊತ್ತ ತಾಳೆಯಾಗಿಬಿಟ್ಟಿದ್ದರೆ ನೀವು ಖುಷಿಯಾಗಿ ಮುಂದಕ್ಕೆ ಹೋಗಿಬಿಡುತ್ತಿದ್ದಿರಿ. ಕೆಲವು ಖಾತೆಯಲ್ಲಿ 200 ರೂಪಾಯಿ ಜಾಸ್ತಿ, ಇನ್ನು ಕೆಲವದರಲ್ಲಿ 200 ಕಮ್ಮಿ ಆಗಿದ್ದರೂ ಒಟ್ಟು ಮೊತ್ತಕ್ಕೆ ಅದು ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಒಟ್ಟು ಮೊತ್ತ ನೋಡುವುದನ್ನು ಬಿಡಿ. ಖಾತೆವಾರು ಎರಡು ಪಟ್ಟಿ ತೆಗೆಯಿರಿ, ಪಕ್ಕ ಪಕ್ಕ ಇಡಿ, ವ್ಯತ್ಯಾಸ ಇರುವ ಖಾತೆಗಳನ್ನು ಮಾತ್ರ ಬೇರೆ ಮಾಡಿ. ಬಹುತೇಕ ಖಾತೆಗಳಲ್ಲಿ ಒಂದೆರಡು ಪೈಸೆ ಇದ್ದರೆ ಕಾರಣ ಒಂದು. ನಾಲ್ಕೈದು ಖಾತೆಯಲ್ಲಿ ಮಾತ್ರ ದೊಡ್ಡ ಮೊತ್ತ ಇದ್ದರೆ ಕಾರಣ ಬೇರೆ.

ಪೈಸೆಗಳ ವಿಷಯ ಮೊದಲು ಮುಗಿಸೋಣ. ಫಾಕ್ಸ್‌ಪ್ರೊ ಡೇಟಾ ಇಡುವ ಡಿಬಿಎಫ್ ಟೇಬಲ್ಲಿನಲ್ಲಿ ಸಾಮಾನ್ಯ ಸಂಖ್ಯೆಯ ಕಾಲಂ ಒಳಗೆ ಇರುವುದು ಅಂಕಿಗಳೇ, ನಾವು ಕಾಗದದ ಮೇಲೆ ಬರೆದ ಹಾಗೆ. 10 ಜಾಗ, ಅದರಲ್ಲಿ 2 ದಶಮಾಂಶ ಅಂತ ಕಾಲಂ ಮಾಡಿದ್ದರೆ ಮೂರನೇ ದಶಮಾಂಶಕ್ಕೆ ಜಾಗವೇ ಇಲ್ಲ. ಹಾಗಾಗಿ ಟೇಬಲ್ಲಿಗೆ ಬರೆದ ಕ್ಷಣವೇ ಮೊತ್ತ ಪೈಸೆಗೆ ರೌಂಡ್ ಆಗುತ್ತದೆ. ಕೋಡ್‌ನಲ್ಲಿ ರೌಂಡ್ ಅನ್ನುವ ಪದವನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆ ಕೆಲಸ ಮಾಡುತ್ತಿರುವುದು ಕಾಲಂನ ಅಗಲ.

ಒಂದು ಲೆಕ್ಕ ಮಾಡಿ ನೋಡಿ. 12,345 ರೂಪಾಯಿ ಠೇವಣಿ, ಶೇಕಡಾ 9.5 ಬಡ್ಡಿ, 31 ದಿನ, ವರ್ಷಕ್ಕೆ 365 ದಿನ. ಬರುವ ಬಡ್ಡಿ 99.6055479. ಹಳೇ ಪ್ರೋಗ್ರಾಂ ಇದನ್ನು ತಿಂಗಳ ಕೊನೆಗೆ ಕಾಲಂಗೆ ಹಾಕುತ್ತದೆ, 99.61 ಆಗುತ್ತದೆ. ಮುಂದಿನ ತಿಂಗಳು ಅಲ್ಲಿಂದ ಶುರು. ನಿಮ್ಮ ಪೈಥಾನ್ ಕೋಡ್ 99.6055479 ಅನ್ನೇ ಹೊತ್ತುಕೊಂಡು ಹೋಗಿ, ಮಾರ್ಚ್‌ನಲ್ಲಿ ಒಂದೇ ಸಲ ರೌಂಡ್ ಮಾಡುತ್ತದೆ. ಒಂದು ಖಾತೆಗೆ ತಿಂಗಳಿಗೆ ಅರ್ಧ ಪೈಸೆಗಿಂತ ಕಮ್ಮಿ. ಆದರೆ ಹನ್ನೆರಡು ತಿಂಗಳು, ಸಂಘದ ಎಲ್ಲಾ ಖಾತೆಗಳು ಸೇರಿ, ಬಹಳಷ್ಟು ಒಂದೇ ಕಡೆಗೆ ವಾಲಿದರೆ, ರೂಪಾಯಿಗಳ ಲೆಕ್ಕಕ್ಕೆ ಹೋಗಬಹುದು. ಗಣಿತದ ದೃಷ್ಟಿಯಿಂದ ಹೊಸದೇ ಹೆಚ್ಚು ಕರೆಕ್ಟ್. ಆದರೆ ಪಾಸ್‌ಬುಕ್‌ನಲ್ಲಿ ಅಚ್ಚಾಗಿರುವುದು 99.61, ಅಲ್ವಾ? ಇಲ್ಲಿ ಪಾಸ್‌ಬುಕ್ಕೇ ಗೆಲ್ಲಬೇಕು.

ಎರಡನೇದು, ಪೈಥಾನ್‌ನ ರೌಂಡ್ ನಮ್ಮ ರೌಂಡ್ ಅಲ್ಲ. ಪೈಥಾನ್ 3ರಲ್ಲಿ 2.5 ಅನ್ನು ರೌಂಡ್ ಮಾಡಿದರೆ 2 ಬರುತ್ತದೆ, 3.5 ಮಾಡಿದರೆ 4. ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಫಾಕ್ಸ್‌ಪ್ರೊ ನಾವು ಶಾಲೆಯಲ್ಲಿ ಕಲಿತ ಹಾಗೆ 2.5 ಅನ್ನು 3 ಮಾಡುತ್ತದೆ. ಹೆಸರು ಒಂದೇ ಇರುವುದರಿಂದ ಎಐ ಆಗಲಿ ಮನುಷ್ಯರಾಗಲಿ ಇದನ್ನು ಕಣ್ಣುಮುಚ್ಚಿ ಬದಲಿಸುತ್ತಾರೆ. ಇದರ ಮೇಲೆ ಫ್ಲೋಟ್ ತೊಂದರೆ ಬೇರೆ, ಅಂದರೆ ದಶಮಾಂಶ ಸಂಖ್ಯೆಯನ್ನು ಕಂಪ್ಯೂಟರ್ ಬೈನರಿಯಲ್ಲಿ ಇಟ್ಟುಕೊಳ್ಳುವ ರೀತಿಯದು. 2.675ನ್ನು ಎರಡು ದಶಮಾಂಶಕ್ಕೆ ರೌಂಡ್ ಮಾಡು ಅಂದರೆ ಪೈಥಾನ್ 2.67 ಕೊಡುತ್ತದೆ, ಯಾಕೆಂದರೆ 2.675 ಅನ್ನುವ ಸಂಖ್ಯೆ ಬೈನರಿಯಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ, ಕೂದಲೆಳೆಯಷ್ಟು ಕಮ್ಮಿ ಇರುತ್ತದೆ. ದುಡ್ಡಿನ ಲೆಕ್ಕಕ್ಕೆಲ್ಲ ಡೆಸಿಮಲ್ ಮಾಡ್ಯೂಲ್ ಬಳಸಿ, ಅರ್ಧ ಬಂದರೆ ಮೇಲಕ್ಕೆ ಅನ್ನುವ ನಿಯಮ ಕೊಡಿ. ಡೆಸಿಮಲ್ ಮಾಡುವಾಗ ಸಂಖ್ಯೆಯನ್ನು ಅಕ್ಷರರೂಪದಲ್ಲಿ ಕೊಡಿ, ಫ್ಲೋಟ್ ಕೊಟ್ಟರೆ ಆ ಕೂದಲೆಳೆಯೂ ಜೊತೆಗೇ ಬರುತ್ತದೆ. ಇಷ್ಟಾದ ಮೇಲೂ ಒಂದೆರಡು ಖಾತೆಯಲ್ಲಿ 1 ಪೈಸೆ ಉಳಿಯಬಹುದು. ಫಾಕ್ಸ್‌ಪ್ರೊ ಕೂಡ ಒಳಗೆ ಲೆಕ್ಕ ಹಾಕುವುದು ಫ್ಲೋಟ್‌ನಲ್ಲೇ. ಅಂಥವನ್ನು ಬರೆದಿಟ್ಟುಕೊಂಡು, ಕಾರಣ ಹಾಕಿ, ಕಾರ್ಯದರ್ಶಿಗಳ ಸಹಿ ಮಾಡಿಸಿ ಮುಂದಕ್ಕೆ ಹೋಗಿ. ಒಂದು ಪೈಸೆಗೋಸ್ಕರ ತಿಂಗಳು ಕಳೆದವರನ್ನು ನೋಡಿದ್ದೇನೆ. (ಒಂದು ಸಲ ಆ ಮನುಷ್ಯ ನಾನೇ.)

ಆರ್‌ಡಿ ಕಂತಿನ ತಾರೀಕನ್ನೂ ಒಮ್ಮೆ ನೋಡಿಬಿಡಿ. ಫಾಕ್ಸ್‌ಪ್ರೊದ ಗೋಮಂತ್ ಅನ್ನುವ ಫಂಕ್ಷನ್‌ಗೆ ಜನವರಿ 31 ಕೊಟ್ಟು ಒಂದು ತಿಂಗಳು ಸೇರಿಸು ಅಂದರೆ ಫೆಬ್ರವರಿ 28 ಕೊಡುತ್ತದೆ. ಪೈಥಾನ್ ಜೊತೆಗೇ ಬರುವ ತಾರೀಕಿನ ಲೆಕ್ಕದಲ್ಲಿ ದಿನ ಸೇರಿಸಬಹುದು, ತಿಂಗಳು ಸೇರಿಸುವ ದಾರಿ ಇಲ್ಲ. ಯಾರೋ 30 ದಿನ ಅಂತ ಹಾಕಿಬಿಟ್ಟಿರುತ್ತಾರೆ.

ಇನ್ನು ಸಿಗದ ಸದಸ್ಯರು. ಇದಕ್ಕೆ ಕಾರಣ ಪ್ರೋಗ್ರಾಂನ ಮೊದಲ ಹತ್ತು ಸಾಲಿನಲ್ಲಿ ಇರುತ್ತದೆ, ಇಲ್ಲಾ ಎಲ್ಲೂ ಇರುವುದಿಲ್ಲ. ಎಲ್ಲೂ ಇಲ್ಲದಿದ್ದರೂ ಅದು ಕೆಲಸ ಮಾಡುತ್ತಿರುತ್ತದೆ. ಫಾಕ್ಸ್‌ಪ್ರೊದಲ್ಲಿ 'ಸೆಟ್ ಎಕ್ಸಾಕ್ಟ್' ಅನ್ನುವ ಒಂದು ಸ್ವಿಚ್ ಇದೆ. ಯಾರೂ ಮುಟ್ಟದಿದ್ದರೆ ಅದು ಆಫ್. ಆಫ್ ಇದ್ದಾಗ ಎರಡು ಪದ ಒಂದೇನಾ ಅಂತ ಕೇಳಿದರೆ, ಬಲಗಡೆಯ ಪದ ಮುಗಿಯುವವರೆಗೆ ಮಾತ್ರ ಹೋಲಿಸುತ್ತದೆ. ಎಡಗಡೆ 'ರಾಜಶೇಖರ', ಬಲಗಡೆ 'ರಾಜ' ಇದ್ದರೆ ಹೌದು, ಒಂದೇ ಅನ್ನುತ್ತದೆ. ಎಡಬಲ ತಿರುಗಿಸಿ ಕೇಳಿದರೆ ಅಲ್ಲ ಅನ್ನುತ್ತದೆ! ಬಲಗಡೆ ಖಾಲಿ ಇದ್ದರೆ ಜಗತ್ತಿನ ಎಲ್ಲಾ ಪದಗಳೂ ಅದಕ್ಕೆ ಸಮ.

ನಿಮ್ಮ ಸದಸ್ಯರ ನಂಬರ್ ಅಕ್ಷರದ ಕಾಲಂನಲ್ಲಿದೆ ಅಂತ ಇಟ್ಟುಕೊಳ್ಳಿ. ಕಾಲಂ 8 ಅಕ್ಷರ ಅಗಲ, ನಂಬರ್ 'ಎ412'. ಒಳಗೆ ಇರುವುದು 'ಎ412' ಮತ್ತು ನಾಲ್ಕು ಸ್ಪೇಸ್. ಕೌಂಟರಿನಲ್ಲಿ ಟೈಪ್ ಮಾಡಿದ್ದು ಬರೀ 'ಎ412'. ಫಾಕ್ಸ್‌ಪ್ರೊಗೆ ಎರಡೂ ಒಂದೇ. ಪೈಥಾನ್‌ಗೆ ಅಲ್ಲ. ಹಳೇ ಸದಸ್ಯರ ನಂಬರ್ ಗಿಡ್ಡ, ಅವರು ಸಿಗುತ್ತಿಲ್ಲ. ಕಾಲಂ ತುಂಬ ನಂಬರ್ ಇರುವ ಹೊಸಬರು ಮಾತ್ರ ಸಿಗುತ್ತಿದ್ದಾರೆ. ನನ್ನ ಊಹೆ ಇದು. ಒಮ್ಮೆ ಪರೀಕ್ಷೆ ಮಾಡಿ.

ಸ್ಪೇಸ್ ತೆಗೆದುಹಾಕಿದರೆ ಮುಗಿಯಿತು ಅಂದುಕೊಳ್ಳಬೇಡಿ. ಚಿಕ್ಕಪೇಟೆಯ ಒಂದು ಜವಳಿ ಅಂಗಡಿಗೆ ಇಂಥದ್ದೇ ಕೆಲಸ ಮಾಡಿಕೊಟ್ಟಿದ್ದೆ. ಹೊಸ ಪ್ರೋಗ್ರಾಂ ಹಾಕಿದ ಮಧ್ಯಾಹ್ನವೇ ಗುಮಾಸ್ತರ ಫೋನ್. 'ಸಾರ್, ಹುಡುಕೋದು ಹೋಯ್ತು.' ಅವರು ಹದಿನೈದು ವರ್ಷದಿಂದ ಪಾರ್ಟಿ ಹೆಸರಿನ ಮೊದಲ ಮೂರು ಅಕ್ಷರ ಒತ್ತಿ ಎಂಟರ್ ಮಾಡುತ್ತಿದ್ದರು. ಆ ಸೌಲಭ್ಯವನ್ನು ಯಾರೂ ಬರೆದಿರಲಿಲ್ಲ. ಅದು ಸುಮ್ನೆ ಎಕ್ಸಾಕ್ಟ್ ಆಫ್ ಇದ್ದದ್ದರ ಫಲ. ಬರೆದವನಿಗೆ ಅದು ಮರೆತುಹೋದ ಒಂದು ಸ್ವಿಚ್, ಗುಮಾಸ್ತರಿಗೆ ದಿನದ ಅರ್ಧ ಕೆಲಸ.

ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಆತಂಕ ಕೊಟ್ಟ ಮಾತಿಗೆ ಬರುತ್ತೇನೆ. 'ಪ್ರೋಗ್ರಾಂ ಫೈಲುಗಳನ್ನು ಕೊಟ್ಟೆ' ಅಂದಿರಲ್ಲ, ಯಾವ ಫೈಲುಗಳು? ಬರೀ ಕೋಡ್ ಇರುವ ಪಿಆರ್‌ಜಿ ಫೈಲುಗಳು ಮಾತ್ರವಾ? ಹಾಗಾದರೆ ಅರ್ಧ ಪ್ರೋಗ್ರಾಂ ಇನ್ನೂ ಹೊರಗೇ ಇದೆ. ವಿಷುಯಲ್ ಫಾಕ್ಸ್‌ಪ್ರೊದಲ್ಲಿ ಫಾರಂ ಅನ್ನುವುದು ಎಸ್‌ಸಿಎಕ್ಸ್ ಫೈಲು. ಅದು ನಿಜಕ್ಕೂ ಒಂದು ಡಿಬಿಎಫ್ ಟೇಬಲ್. ಬಟನ್ ಒತ್ತಿದಾಗ ಓಡುವ ಕೋಡ್ ಆ ಟೇಬಲ್ಲಿನ, ಉದ್ದ ಬರಹ ಇಡುವ ಒಂದು ಮೆಮೊ ಕಾಲಂನಲ್ಲಿ, ಪಕ್ಕದ ಎಸ್‌ಸಿಟಿ ಫೈಲಿನೊಳಗೆ ಕೂತಿರುತ್ತದೆ. ರಿಪೋರ್ಟಿನ ಎಫ್‌ಆರ್‌ಎಕ್ಸ್ ಕೂಡ ಹಾಗೇ. ಎಷ್ಟೋ ಕಡೆ ಬಡ್ಡಿಯ ಕೊನೇ ಲೆಕ್ಕ, ದಂಡ ಸೇರಿಸುವುದು, ರೂಪಾಯಿಗೆ ರೌಂಡ್ ಮಾಡುವುದು ಎಲ್ಲಾ ರಿಪೋರ್ಟಿನ ಒಂದು ಡಬ್ಬಿಯೊಳಗೆ ಬರೆದಿರುತ್ತಾರೆ. ಫಾಕ್ಸ್‌ಪ್ರೊದಲ್ಲೇ ಎಸ್‌ಸಿಎಕ್ಸ್ ಅನ್ನು ಟೇಬಲ್ ಥರ ತೆರೆದು ಆ ಮೆಮೊಗಳನ್ನು ಹೊರಗೆ ಬರೆಯುವ ಹತ್ತು ಸಾಲಿನ ಕೋಡ್ ಬರೆದುಕೊಳ್ಳಿ. 40,000 ಸಾಲು ಅಂದಿರಲ್ಲ, ಆ ಎಣಿಕೆ ಆಮೇಲೆ ಇನ್ನೊಮ್ಮೆ ಮಾಡಿ.

ಫಾರಂಗಳಲ್ಲಿ ಇನ್ನೊಂದು ಗುಂಡಿ ಇದೆ. ಅದರಲ್ಲಿ ನಾನೇ ಬಿದ್ದಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಹೇಳುತ್ತೇನೆ.

ಫಾಕ್ಸ್‌ಪ್ರೊದಲ್ಲಿ ಒಂದು ದಾಖಲೆಯನ್ನು ಡಿಲೀಟ್ ಮಾಡಿದರೆ ಅದು ಹೋಗುವುದಿಲ್ಲ. ದಾಖಲೆಯ ಮೊದಲ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೇ. 'ಪ್ಯಾಕ್' ಅನ್ನುವ ಆಜ್ಞೆ ಕೊಡುವವರೆಗೆ ದಾಖಲೆ ಅಲ್ಲೇ ಇರುತ್ತದೆ. 'ಸೆಟ್ ಡಿಲೀಟೆಡ್ ಆನ್' ಅಂದರೆ ಅವನ್ನು ಬಚ್ಚಿಡು ಅಂತ. ಎಲ್ಲರೂ ಇದನ್ನು ಮೇನ್ ಪ್ರೋಗ್ರಾಂನ ಮೊದಲಲ್ಲಿ ಹಾಕಿ ನೆಮ್ಮದಿಯಾಗಿರುತ್ತಾರೆ. ಆದರೆ ಒಂದು ಫಾರಂಗೆ 'ಪ್ರೈವೇಟ್ ಡೇಟಾ ಸೆಷನ್' ಕೊಟ್ಟಿದ್ದರೆ, ಅಂದರೆ ಅದಕ್ಕೇ ಒಂದು ಬೇರೆ ಕೋಣೆ ಕೊಟ್ಟಿದ್ದರೆ, ಅದರೊಳಗೆ ಈ ಸ್ವಿಚ್‌ಗಳು ಹುಟ್ಟಿದಾಗಿನ ಸ್ಥಿತಿಗೆ ಹೋಗುತ್ತವೆ. ಡಿಲೀಟೆಡ್ ಆಫ್ ಆಗುತ್ತದೆ. ಮುಚ್ಚಿದ ಖಾತೆಗಳೆಲ್ಲ ಆ ಒಂದು ಫಾರಂನಲ್ಲಿ ಎದ್ದು ಕೂರುತ್ತವೆ.

ನಗರದ ಇನ್ನೊಂದು ಪತ್ತಿನ ಸಂಘದಲ್ಲಿ ಹೀಗೇ ಆಗಿತ್ತು. ಪಿಗ್ಮಿ ಏಜೆಂಟರ ಕಮಿಷನ್ ಪಟ್ಟಿ ತೆಗೆಯುವ ಫಾರಂ ಅದು. (ಪಿಗ್ಮಿ ಶುರುವಾದದ್ದು 1928ರಲ್ಲಿ, ಉಡುಪಿಯಲ್ಲಿ. ಮನೆ ಮನೆಗೆ ಹೋಗಿ ಚಿಲ್ಲರೆ ಕೂಡಿಸುವ ಆ ಪದ್ಧತಿ ನಮ್ಮ ಸಂಘಗಳಲ್ಲಿ ಇವತ್ತಿಗೂ ನಡೆಯುತ್ತಿದೆ.) ಹಳೇ ಪ್ರೋಗ್ರಾಂ ಮುಚ್ಚಿದ ಖಾತೆಗಳಿಗೂ ಕಮಿಷನ್ ಕೂಡಿಸುತ್ತಿತ್ತು. ಕೋಡ್ ಓದುವಾಗ ನನ್ನ ಹುಡುಗರು ಇದನ್ನು ಹಿಡಿದರು, ಹೆಮ್ಮೆಯಿಂದ ಸರಿ ಮಾಡಿದರು. ನಾನೂ ಭೇಷ್ ಅಂದೆ. ಎರಡು ತಿಂಗಳಾದ ಮೇಲೆ ಒಬ್ಬ ಏಜೆಂಟ್ ಕೌಂಟರಿಗೆ ಬಂದು ಕೇಳಿದರು, 'ನನ್ನ ಕಮಿಷನ್ನಿಗೆ ಯಾಕ್ರೀ ಕೈ ಹಾಕಿದ್ರಿ?'

ನೋಡಿದರೆ, ಕೌಂಟರಿನ ಮೇಡಂ ಹತ್ತು ವರ್ಷದಿಂದ ಆ ಪಟ್ಟಿ ಪ್ರಿಂಟ್ ಆದ ಕೂಡಲೇ ಪೆನ್ಸಿಲ್ ಹಿಡಿದು ಮುಚ್ಚಿದ ಖಾತೆಗಳನ್ನು ಕಳೆದು, ಆಮೇಲೆ ವೋಚರ್ ಬರೆಯುತ್ತಿದ್ದರು. ಪ್ರೋಗ್ರಾಂ ತಪ್ಪು, ಪೆನ್ಸಿಲ್ ಸರಿ, ಕೊಟ್ಟ ದುಡ್ಡು ಸರಿ. ನಾವು ಪ್ರೋಗ್ರಾಂ ಸರಿ ಮಾಡಿದೆವು, ಪೆನ್ಸಿಲ್ ನಿಲ್ಲಲಿಲ್ಲ. ಅವರನ್ನು ಯಾರೂ ಕೇಳಿರಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ. ಎರಡು ತಿಂಗಳ ಬಾಕಿ ಕೊಟ್ಟು, ಏಜೆಂಟರಿಗೆಲ್ಲ ಕಾಫಿ ಕುಡಿಸಿ ಸಮಾಧಾನ ಮಾಡಬೇಕಾಯಿತು.

ಅವತ್ತಿನಿಂದ ನನ್ನದು ಒಂದೇ ಪಟ್ಟು. ಮೊದಲ ಸುತ್ತಿನಲ್ಲಿ ತಪ್ಪನ್ನೂ ಅನುವಾದ ಮಾಡಿ. ಹಳೇ ಪ್ರೋಗ್ರಾಂ ಮುಚ್ಚಿದ ಖಾತೆ ಕೂಡಿಸುತ್ತದಾ? ಹೊಸದೂ ಕೂಡಿಸಲಿ. ಆ ಜಾಗದಲ್ಲಿ ಒಂದು ಟಿಪ್ಪಣಿ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ನಂಬರ್ ಕೊಟ್ಟು ಬರೆದಿಡಿ. ಎರಡೂ ಪೈಸೆ ಪೈಸೆಗೆ ತಾಳೆಯಾದ ಮೇಲೆ ಆ ನೋಟ್‌ಬುಕ್ ತೆಗೆದುಕೊಂಡು ಕಾರ್ಯದರ್ಶಿಗಳ ಮುಂದೆ ಕೂತು ಒಂದೊಂದಾಗಿ ಕೇಳಿ. ತಿದ್ದಬೇಕಾ, ಯಾವ ತಾರೀಕಿನಿಂದ, ಯಾರಿಗೆ ಹೇಳಬೇಕು ಅಂತ. ಅನುವಾದವನ್ನೂ ತಿದ್ದುವುದನ್ನೂ ಒಟ್ಟಿಗೆ ಮಾಡಿದರೆ, ವ್ಯತ್ಯಾಸ ಬಂದಾಗ ಅದು ನಿಮ್ಮ ತಪ್ಪಾ, ಹಳೇದರ ತಪ್ಪಾ, ನಿಮ್ಮ ತಿದ್ದುಪಡಿಯಾ ಅಂತ ಬಿಡಿಸುವುದಕ್ಕೆ ಆಗುವುದಿಲ್ಲ. ಈಗ ನಿಮ್ಮ 41 ರೂಪಾಯಿಯ ಕಥೆಯೂ ಅದೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರವೂ ಇದರಲ್ಲೇ ಬಂತು. ಸಾಲು ಸಾಲಾಗಿ ಬೇಡ. ಫಾಕ್ಸ್‌ಪ್ರೊ ಸಾಲನ್ನು ಹಾಗೇ ಪೈಥಾನ್ ಸಾಲು ಮಾಡಿದರೆ ಪೈಥಾನ್ ವೇಷ ಹಾಕಿದ ಫಾಕ್ಸ್‌ಪ್ರೊ ಸಿಗುತ್ತದೆ, ನಾಳೆ ಬರುವವರಿಗೆ ಎರಡೂ ಗೊತ್ತಿರಬೇಕಾಗುತ್ತದೆ. ಎಲ್ಲಾ ಬಿಟ್ಟು ಹೊಸದಾಗಿ ಬರೆಯುವುದೂ ಬೇಡ. ಬರೆದವರು ಈಗಿಲ್ಲ, ಆ ಪ್ರೋಗ್ರಾಂ ಬಿಟ್ಟರೆ ನಿಯಮಗಳು ಬೇರೆಲ್ಲೂ ಬರೆದಿಲ್ಲ. ಕೆಲಸ ಕೆಲಸವಾಗಿ ತನ್ನಿ. ಪಿಗ್ಮಿ ಒಂದು ಕೆಲಸ, ಆರ್‌ಡಿ ಒಂದು, ಸಾಲದ ಬಡ್ಡಿ ಒಂದು. ಒಳಗೆ ಹೇಗೆ ಬೇಕಾದರೂ ಬರೆಯಿರಿ, ಅದೇ ಟೇಬಲ್ಲು ಕೊಟ್ಟರೆ ಅದೇ ಉತ್ತರ ಬರಬೇಕು.

ಅದೇ ಉತ್ತರ ಬಂತು ಅಂತ ಹೇಗೆ ಗೊತ್ತಾಗುವುದು? ಸಂಘದಲ್ಲಿ ಪ್ರತಿ ಮಾರ್ಚ್‌ನ ಬ್ಯಾಕಪ್ ಇದ್ದೇ ಇರುತ್ತದೆ. ಸಿಡಿಯಲ್ಲೋ, ಕಾರ್ಯದರ್ಶಿಗಳ ಬೀರುವಿನಲ್ಲಿರುವ ಪೆನ್‌ಡ್ರೈವ್‌ನಲ್ಲೋ. ಐದಾರು ವರ್ಷದ್ದು ಸಿಕ್ಕರೆ ಸಾಕು. ಹಳೇ ಕಂಪ್ಯೂಟರಿನ ನಕಲನ್ನು ಒಂದು ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ಕೂರಿಸಿ, ಅದರ ಗಡಿಯಾರವನ್ನು ಆ ವರ್ಷದ ಮಾರ್ಚ್ 31ಕ್ಕೆ ತಿರುಗಿಸಿ, ಪ್ರೋಗ್ರಾಂ ಓಡಿಸಿ, ಬಂದ ಉತ್ತರವನ್ನು ಫೈಲಿಗೆ ಹಾಕಿಡಿ. ಅದೇ ಡೇಟಾವನ್ನು ಹೊಸದಕ್ಕೆ ಕೊಡಿ. ಎರಡನ್ನೂ ಹೋಲಿಸುವ ಸಣ್ಣ ಸ್ಕ್ರಿಪ್ಟ್ ಬರೆದು ರಾತ್ರಿ ರಾತ್ರಿ ಓಡುವ ಹಾಗೆ ಇಡಿ. ಗಡಿಯಾರ ತಿರುಗಿಸುವುದು ನಕಲಿನಲ್ಲಿ ಮಾತ್ರ, ಕೌಂಟರಿನ ಮಷೀನಿನಲ್ಲಿ ಅಲ್ಲ. ಒಬ್ಬರು ಕೌಂಟರಿನದ್ದನ್ನೇ ತಿರುಗಿಸಿ, ಮರುದಿನ ಬೆಳಿಗ್ಗೆ ಎಲ್ಲಾ ರಸೀದಿ ಐದು ವರ್ಷ ಹಿಂದಿನ ತಾರೀಕಿಗೆ ಬಿದ್ದಿದ್ದವು.

ಯಾವ ಸಾಲು ನಿಜಕ್ಕೂ ಓಡುತ್ತಿದೆ ಅಂತ ತಿಳಿಯಲು ವಿಷುಯಲ್ ಫಾಕ್ಸ್‌ಪ್ರೊದಲ್ಲೇ 'ಸೆಟ್ ಕವರೇಜ್ ಟು' ಅನ್ನುವ ಆಜ್ಞೆ ಇದೆ. ಓಡಿದ ಪ್ರತಿ ಸಾಲನ್ನೂ ಒಂದು ಫೈಲಿಗೆ ಬರೆಯುತ್ತದೆ. ಫೈಲು ಬೇಗ ದಪ್ಪ ಆಗುತ್ತದೆ, ವೇಗ ಕಮ್ಮಿಯಾಗುತ್ತದೆ, ಆದ್ದರಿಂದ ಇದನ್ನೂ ನಕಲಿನಲ್ಲೇ ಮಾಡಿ. ಇಷ್ಟು ಹಳೇ ಪ್ರೋಗ್ರಾಂನಲ್ಲಿ ಸತ್ತ ಕೋಡ್ ಬೇಕಾದಷ್ಟಿರುತ್ತದೆ, ಅದನ್ನು ತರುವ ಕಷ್ಟ ಉಳಿಯುತ್ತದೆ. ಒಂದು ಎಚ್ಚರಿಕೆ ಇದೆ. ಜೂನ್ ತಿಂಗಳ ಕೆಲಸ ಓಡಿಸಿ, 'ಡಿವಿಡೆಂಡ್ ಕೋಡ್ ಯಾರೂ ಬಳಸುವುದಿಲ್ಲ' ಅಂತ ಬಿಟ್ಟುಬಿಡಬೇಡಿ. ಅದು ವರ್ಷಕ್ಕೊಮ್ಮೆ ಏಳುವ ಪ್ರಾಣಿ. ದಿನದ ಕೊನೆ, ತಿಂಗಳ ಕೊನೆ, ಅರ್ಧ ವರ್ಷ, ಮಾರ್ಚ್, ಸರ್ವಸದಸ್ಯರ ಸಭೆಯ ನಂತರದ ಡಿವಿಡೆಂಡ್, ಎಲ್ಲವನ್ನೂ ಓಡಿಸಿ ನೋಡಿದ ಮೇಲೆ ಸತ್ತದ್ದು ಯಾವುದು ಅಂತ ತೀರ್ಮಾನ ಮಾಡಿ.

ಎಐ ಬಗ್ಗೆ. ನಾನು ಅದರ ವಿರೋಧಿ ಅಲ್ಲ, ದಿನಾ ಬಳಸುತ್ತೇನೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಯಂತ್ರವೇ ಕೋಡ್ ಬದಲಿಸುವುದು ಹೊಸ ಆಸೆಯೂ ಅಲ್ಲ. ಫೋರ್ಟ್ರಾನ್ 77 ಅನ್ನು ಸಿ ಭಾಷೆಗೆ ತರುವ ಎಫ್‌ಟುಸಿ ಅನ್ನುವ ಉಪಕರಣ 1990ರ ಹೊತ್ತಿಗೇ ಬೆಲ್ ಲ್ಯಾಬ್ಸ್‌ನಿಂದ ಬಂದಿತ್ತು. ಅದು ವ್ಯಾಕರಣದ ನಿಯಮ ಹಿಡಿದು ಹೋಗುತ್ತದೆ, ಹೊರಬರುವ ಸಿ ಕೋಡ್ ಓದಲು ಚೆನ್ನಾಗಿರುವುದಿಲ್ಲ, ಆದರೆ ಅಂದಾಜಿನ ಮೇಲೆ ಬರೆದದ್ದಲ್ಲ. ಈಗಿನ ಎಐ ಅದಕ್ಕೆ ತದ್ವಿರುದ್ಧ. ಬರೆಯುವುದು ಬಲು ಚಂದ, ಗೊತ್ತಿಲ್ಲದ ಕಡೆ ಅಂದಾಜು ಮಾಡುತ್ತದೆ. 2020ರಲ್ಲಿ ಫೇಸ್‌ಬುಕ್‌ನ ಸಂಶೋಧಕರು ಟ್ರಾನ್ಸ್‌ಕೋಡರ್ ಅಂತ ಒಂದು ಮಾಡೆಲ್ ಮಾಡಿದರು, ಸಿ++, ಜಾವಾ, ಪೈಥಾನ್ ನಡುವೆ ಫಂಕ್ಷನ್‌ಗಳನ್ನು ಅನುವಾದಿಸಲು. ಅದನ್ನು ಅಳೆದಾಗ ಅವರು ಕೋಡ್ ನೋಡಲು ಎಷ್ಟು ಹೋಲುತ್ತದೆ ಅನ್ನುವುದಕ್ಕಿಂತ, ಅದೇ ಇನ್‌ಪುಟ್‌ಗೆ ಅದೇ ಔಟ್‌ಪುಟ್ ಬಂತಾ ಅನ್ನುವುದನ್ನು ನೋಡಿದರು. ನೀವು ಹಿಡಿಯಬೇಕಾದದ್ದೂ ಅದೇ ಅಳತೆ.

ಫಾಕ್ಸ್‌ಪ್ರೊ ವಿಷಯದಲ್ಲಿ ಎಐ ಎಡವುವುದು ಇಂಥ ಕಡೆ. ಕೋಡ್‌ನಲ್ಲಿ ಸುಮ್ನೆ 'ದರ' ಅಂತ ಇದ್ದರೆ ಅದು ವೇರಿಯಬಲ್ಲಾ, ಟೇಬಲ್ಲಿನ ಕಾಲಮ್ಮಾ? ಆ ಕ್ಷಣಕ್ಕೆ ತೆರೆದಿರುವ ಟೇಬಲ್ಲಿನಲ್ಲಿ ಆ ಹೆಸರಿನ ಕಾಲಂ ಇದ್ದರೆ ಕಾಲಂ, ಇಲ್ಲದಿದ್ದರೆ ವೇರಿಯಬಲ್. ಆ ಟೇಬಲ್ ತೆರೆದದ್ದು ಮೂರು ಫೈಲು ಹಿಂದೆ. ಇನ್ನೊಂದು, ಫಾಕ್ಸ್‌ಪ್ರೊದಲ್ಲಿ ಹುಡುಕಿದ್ದು ಸಿಗದಿದ್ದರೆ ಎರರ್ ಬರುವುದಿಲ್ಲ. ಟೇಬಲ್ಲಿನ ಕೊನೆ ದಾಟಿ ಒಂದು ಖಾಲಿ ದಾಖಲೆಯ ಮೇಲೆ ನಿಲ್ಲುತ್ತದೆ, ಅಲ್ಲಿ ಬಡ್ಡಿ ದರ ಓದಿದರೆ 0. ಪ್ರೋಗ್ರಾಂ ಆ 0 ಹಿಡಿದುಕೊಂಡು ಆರಾಮಾಗಿ ಮುಂದೆ ಹೋಗುತ್ತದೆ. ಇದೇ ಜಾಗದಲ್ಲಿ ಎಐ ಬರೆದ ಪೈಥಾನ್ ಒಂದೋ ಬಿದ್ದುಹೋಗುತ್ತದೆ, ಇಲ್ಲಾ ಯಾವುದೋ ಡೀಫಾಲ್ಟ್ ದರ ತಾನೇ ಹಾಕಿಬಿಡುತ್ತದೆ. ನಿಮ್ಮಲ್ಲಿ ದೊಡ್ಡ ಮೊತ್ತದ ವ್ಯತ್ಯಾಸ ಇರುವ ಖಾತೆಗಳು ಸಿಕ್ಕರೆ ಮೊದಲು ಇಲ್ಲೇ ನೋಡಿ.

ಹಾಗಾಗಿ ಎಐಗೆ ನಾನು ಮೊದಲು ಕೊಡುವ ಕೆಲಸ ಅನುವಾದ ಅಲ್ಲ, ಓದುವುದು. 'ಈ ಪ್ರೊಸೀಜರ್ ಯಾವ ಟೇಬಲ್ ಮುಟ್ಟುತ್ತದೆ, ಯಾವ ಸ್ವಿಚ್ ಮೇಲೆ ನಿಂತಿದೆ, ಕನ್ನಡದಲ್ಲಿ ಹೇಳು' ಅಂತ ಕೇಳುತ್ತೇನೆ. ಆ ವಿವರಣೆಯನ್ನು ಕೌಂಟರಿನವರಿಗೆ ಓದಿ ಹೇಳಿದರೆ ಅವರು 'ಇಲ್ಲ ಸಾರ್, ಹಿರಿಯ ನಾಗರಿಕರಿಗೆ ಅರ್ಧ ಪರ್ಸೆಂಟ್ ಜಾಸ್ತಿ ಇದೆ' ಅಂತ ತಿದ್ದುತ್ತಾರೆ. ಆ ಅರ್ಧ ಪರ್ಸೆಂಟ್ ಎಲ್ಲಿದೆ ಅಂತ ಹುಡುಕುವುದು ನಿಜವಾದ ಕೆಲಸ. ಇನ್ನೊಂದು ಮಾತು, ಕೋಡ್ ಮಾತ್ರ ಕೊಡಿ. ಸದಸ್ಯರ ಡೇಟಾ, ಆಧಾರ್, ಪ್ಯಾನ್ ಇರುವ ಟೇಬಲ್ಲುಗಳನ್ನು ಹೊರಗಿನ ಯಾವ ಟೂಲ್‌ಗೂ ಹಾಕಬೇಡಿ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ ಅದು ಜನ ನಂಬಿ ಕೊಟ್ಟ ವಿವರ.

ನೀವು ಕೇಳಿಲ್ಲ, ಆದರೂ ಕೇಳುತ್ತೇನೆ. ಸದಸ್ಯರ ಹೆಸರು ಕನ್ನಡದಲ್ಲಿ ಇದೆಯಾ? ಇದ್ದರೆ ಬಹುಶಃ ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿರುತ್ತದೆ, ಯಾಕೆಂದರೆ ವಿಷುಯಲ್ ಫಾಕ್ಸ್‌ಪ್ರೊಗೆ ಯುನಿಕೋಡ್ (ಎಲ್ಲಾ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಪದ್ಧತಿ) ಬರುವುದಿಲ್ಲ. ಆ ಫಾಂಟುಗಳಲ್ಲಿ ಟೇಬಲ್ಲಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ತೆರೆಯ ಮೇಲೆ ಕನ್ನಡದ ತುಂಡು ತುಂಡು ಆಕಾರವಾಗಿ ಕಾಣುತ್ತವೆ. ಯುನಿಕೋಡ್‌ಗೆ ತರುವಾಗ ಅಕ್ಷರಕ್ಕೆ ಅಕ್ಷರ ಬದಲಿಸಿದರೆ ಅರ್ಕಾವೊತ್ತು ಕೆಡುತ್ತದೆ. ಕಣ್ಣಿಗೆ ಕಾಣುವ ಕ್ರಮದಲ್ಲಿ ಅರ್ಕಾವೊತ್ತು ಮುಂದಿನ ಅಕ್ಷರದ ನಂತರ ಇರುತ್ತದೆ. 'ಶರ್ಮ' ಅಂದರೆ ಹಳೇ ಫಾಂಟಿನಲ್ಲಿ ಶ, ಮ, ಆಮೇಲೆ ಅರ್ಕಾವೊತ್ತು. ಯುನಿಕೋಡ್‌ನಲ್ಲಿ ಶ, ರ, ವಿರಾಮದ ಚಿಹ್ನೆ, ಮ. ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು. 'ಮೂರ್ತಿ'ಯಲ್ಲಿ ಎಳೆಯುವಾಗ ಗುಣಿಸು ದಾಟಿ ಎಳೆಯಬೇಕು. ಸಿದ್ಧ ಪರಿವರ್ತಕಗಳು ಇವೆ, ಬಳಸಿ, ಆದರೆ ಮೂರ್ತಿ, ಶರ್ಮ, ಕುಲಕರ್ಣಿ, ಸೂರ್ಯ ಅನ್ನುವ ಹೆಸರುಗಳನ್ನೆಲ್ಲ ಬೇರೆ ತೆಗೆದು ಕಣ್ಣಿನಲ್ಲೇ ಓದಿ. ಕಾಲಂ ಅಗಲವನ್ನೂ ನೋಡಿಕೊಳ್ಳಿ. 'ಮೂರ್ತಿ' ಯುನಿಕೋಡ್‌ನಲ್ಲಿ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್. 30 ಬೈಟಿನ ಕಾಲಂ ಮಾಡಿದರೆ ಹೆಸರು ನಡುವೆ ತುಂಡಾಗುತ್ತದೆ. ತನ್ನ ಹೆಸರು ಕತ್ತರಿಸಿದ ಪಾಸ್‌ಬುಕ್ ಕೈಗೆ ಬಂದ ಸದಸ್ಯರು 41 ರೂಪಾಯಿಗಿಂತ ಜಾಸ್ತಿ ಗಲಾಟೆ ಮಾಡುತ್ತಾರೆ.

ಸಮಯ. ಒಂದು ವಾರ ಅಂದ ನಿಮ್ಮ ಸ್ನೇಹಿತರಿಗೆ ಹೇಳಿ, ಕೋಡ್ ಬರೆಯಲು ಒಂದು ವಾರ ಸಾಕಾಗಬಹುದು, ತಾಳೆ ನೋಡಲು ಒಂದು ಮಾರ್ಚ್ ಬೇಕು. ನನ್ನ ಅಂದಾಜಿನಲ್ಲಿ ಎಂಟು ಹತ್ತು ತಿಂಗಳು. ಕಡೇ ಮೂರು ತಿಂಗಳು ಎರಡೂ ಪ್ರೋಗ್ರಾಂ ಜೊತೆಯಲ್ಲೇ ಓಡಲಿ, ದಿನದ ಕೊನೆಗೆ ತಾಳೆ ನೋಡಿ. ಕೌಂಟರಿನವರಿಗೆ ಎರಡೆರಡು ಸಲ ಟೈಪ್ ಮಾಡಿಸಬೇಡಿ, ಮೊದಲ ವಾರವೇ ಬಿಟ್ಟುಬಿಡುತ್ತಾರೆ. ಹಳೇದರಲ್ಲಿ ಹಾಕಿದ್ದನ್ನು ರಾತ್ರಿ ಹೊಸದಕ್ಕೆ ಓದಿಸಿ. ತಾಳೆಯಾದ ಕೆಲಸಗಳನ್ನು ಒಂದೊಂದಾಗಿ ಹೊಸದಕ್ಕೆ ದಾಟಿಸಿ. ಒಂದೇ ಶನಿವಾರ-ಭಾನುವಾರದಲ್ಲಿ ಎಲ್ಲಾ ದಾಟಿಸುತ್ತೇವೆ ಅನ್ನುವ ಧೈರ್ಯ ಬೇಡ. 2018ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಒಂದು ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಹಾರಿತು, ಲಕ್ಷಾಂತರ ಗ್ರಾಹಕರಿಗೆ ತಮ್ಮ ಖಾತೆಯೇ ತೆರೆಯಲಿಲ್ಲ. 2022ರಲ್ಲಿ ಅದಕ್ಕೆ 4 ಕೋಟಿ 86 ಲಕ್ಷ ಪೌಂಡ್‌ಗೂ ಮಿಕ್ಕಿ ದಂಡ ಬಿತ್ತು. ಅವರ ಹತ್ತಿರ ದೊಡ್ಡ ತಂಡ ಇತ್ತು. ನಿಮ್ಮ ಸಂಘಕ್ಕೆ ನೀವೊಬ್ಬರು.

ಪೈಥಾನ್ ಸರಿಯಾ ಅಂತ ಕೇಳಿಲ್ಲ, ಸರಿ ಇದೆ. ಡೇಟಾಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಟ್ಟುಕೊಳ್ಳಿ. ನೀವು ಇಲ್ಲದ ದಿನ ನೋಡಿಕೊಳ್ಳುವವರು ಊರಲ್ಲಿ ಸಿಗಬೇಕು, ಅಷ್ಟೇ ಮುಖ್ಯ.

ಮೊದಲ ಕೆಲಸಕ್ಕೆ ಪಿಗ್ಮಿ ಕಮಿಷನ್ ಆರಿಸಿಕೊಳ್ಳಿ, ಸಾಲದ ಬಡ್ಡಿ ಬೇಡ. ಅದು ಚಿಕ್ಕದು, ಪ್ರತಿ ತಿಂಗಳು ಓಡುತ್ತದೆ, ತಪ್ಪಾದರೆ ಏಜೆಂಟರು ಅದೇ ವಾರ ಬಂದು ಹೇಳುತ್ತಾರೆ. ಶುರು ಮಾಡುವ ಮುಂಚೆ ಎರಡು ದಿನ ಕೌಂಟರಿನ ಹಿಂದೆ ಕುರ್ಚಿ ಹಾಕಿಕೊಂಡು ಕೂರಿ. ಲ್ಯಾಪ್‌ಟಾಪ್ ತೆರೆಯಬೇಡಿ. ಪ್ರಿಂಟ್ ಬಂದ ಮೇಲೆ ಯಾರ ಕೈ ಪೆನ್ಸಿಲ್ ಕಡೆ ಹೋಗುತ್ತದೆ ಅಂತ ಮಾತ್ರ ನೋಡಿ.

ಅದಕ್ಕೂ ಮುಂಚೆ, ಈ ಶನಿವಾರವೇ ಎಸ್.ಪಿ. ರಸ್ತೆಗೆ ಹೋಗಿ ಎರಡು ಹಾರ್ಡ್ ಡಿಸ್ಕ್ ತನ್ನಿ. ಆ ಹಳೇ ಕಂಪ್ಯೂಟರಿನ ಪೂರ್ತಿ ನಕಲು ಎರಡರಲ್ಲೂ ಮಾಡಿ, ಒಂದನ್ನು ಸಂಘದ ಲಾಕರಿನಲ್ಲಿಡಿ. ವಿಷುಯಲ್ ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್ 2015ರ ಜನವರಿಯಲ್ಲೇ ಬೆಂಬಲ ನಿಲ್ಲಿಸಿದೆ. ನಿಮ್ಮ ನಿಯಮ ಪುಸ್ತಕ, ಪರೀಕ್ಷೆಯ ಪ್ರಶ್ನೆಪತ್ರಿಕೆ, ಅದರ ಉತ್ತರ ಮೂರೂ ಸದ್ಯಕ್ಕೆ ಆ ಒಂದೇ ಡಿಸ್ಕಿನಲ್ಲಿ ತಿರುಗುತ್ತಿವೆ.